ಕೈಯಲ್ಲಿ ಕಲೆ ಇದೆ, ಮಾರೋದು ಯಾವುದನ್ನ?

‘ಎಷ್ಟು ಚೆನ್ನಾಗಿ ಮಾಡಿದೀರಾ! ಇದನ್ನೇ ಆನ್‌ಲೈನ್‌ನಲ್ಲಿ ಮಾರಬಾರದೇನ್ರೀ?’

ಹಬ್ಬದ ದಿನ ಅರಿಶಿನ-ಕುಂಕುಮಕ್ಕೆ ಬಂದವರು ಬಾಗಿಲ ತೋರಣವನ್ನೋ, ದೇವರಿಗೆ ಹಾಕಿದ ಗೆಜ್ಜೆವಸ್ತ್ರವನ್ನೋ ನೋಡಿ ಈ ಮಾತು ಹೇಳದೆ ಹೋಗುವುದಿಲ್ಲ. ಕೇಳಿದವರ ಮನಸ್ಸೂ ಉಬ್ಬುತ್ತದೆ. ರಾತ್ರಿ ಮಕ್ಕಳು ಮಲಗಿದ ಮೇಲೆ ಯೂಟ್ಯೂಬ್‌ನಲ್ಲಿ ನಾಲ್ಕು ವಿಡಿಯೋ ನೋಡುತ್ತೇವೆ. ಮಾರನೇ ವಾರ ಚಿಕ್ಕಪೇಟೆಗೆ ಹೋಗಿ ಮೂರು ಸಾವಿರದ ಸಾಮಾನು ತರುತ್ತೇವೆ. ಆರು ತಿಂಗಳು ಕಳೆಯುವಷ್ಟರಲ್ಲಿ ಮಣಿ, ಲೇಸು, ಮೇಣ, ಅಂಟು ಎಲ್ಲವೂ ಅಟ್ಟ ಸೇರಿರುತ್ತವೆ. ‘ನಮ್ಮಂಥವರಿಗೆ ವ್ಯಾಪಾರ ಎಲ್ಲಿ ಆಗಿಬರುತ್ತೆ’ ಅಂತ ನಮಗೆ ನಾವೇ ಸಮಾಧಾನ ಹೇಳಿಕೊಳ್ಳುತ್ತೇವೆ.

ನಿಜ ಹೇಳಬೇಕೆಂದರೆ ಕೊರತೆ ಇರುವುದು ನಮ್ಮ ಕೈಕೆಲಸದಲ್ಲಲ್ಲ, ಆಯ್ಕೆಯಲ್ಲಿ. ನಮಗೆ ಮಾಡಲು ಇಷ್ಟವಾದದ್ದೆಲ್ಲ ಮಾರಲು ತಕ್ಕದ್ದಲ್ಲ. ಹತ್ತು ಜನ ಹೊಗಳಿದ್ದನ್ನೆಲ್ಲ ಹತ್ತು ಜನ ದುಡ್ಡು ಕೊಟ್ಟು ಕೊಳ್ಳುವುದಿಲ್ಲ. ಆದ್ದರಿಂದ ಸಾಮಾನು ತರುವ ಮೊದಲು ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ನಿಮ್ಮ ಮನಸ್ಸಿನಲ್ಲಿರುವ ಮೂರು-ನಾಲ್ಕು ವಸ್ತುಗಳ ಹೆಸರು ಬರೆಯಿರಿ. ಪ್ರತಿಯೊಂದಕ್ಕೂ ಈ ಐದು ಪ್ರಶ್ನೆ ಕೇಳಿ.

1. ನನ್ನ ಒಂದು ಗಂಟೆಗೆ ಎಷ್ಟು ಸಿಗುತ್ತದೆ?

ನಾವು ಹೆಂಗಸರು ಮಾಡುವ ಲೆಕ್ಕದಲ್ಲಿ ಬಟ್ಟೆಗೆ ಇಷ್ಟು, ದಾರಕ್ಕೆ ಇಷ್ಟು, ಮಣಿಗೆ ಇಷ್ಟು ಎಂದಿರುತ್ತದೆ. ನಮ್ಮ ಸಮಯಕ್ಕೆ ಮಾತ್ರ ಸೊನ್ನೆ! ‘ಹೇಗೂ ಮಧ್ಯಾಹ್ನ ಸುಮ್ನೆ ಕೂತಿರ್ತೀಯಲ್ಲ’ ಅಂತ ಮನೆಯವರು ಹೇಳುವುದನ್ನು ಕೇಳೀ ಕೇಳೀ ನಾವೂ ಅದನ್ನೇ ನಂಬಿಬಿಟ್ಟಿದ್ದೇವೆ. ಆದರೆ ಆ ಎರಡು ಗಂಟೆ ನಿಮ್ಮ ವಿಶ್ರಾಂತಿ, ನಿಮ್ಮ ನಿದ್ದೆ, ನಿಮ್ಮ ಬೆನ್ನು, ನಿಮ್ಮ ಕಣ್ಣು. ಅದಕ್ಕೆ ಬೆಲೆ ಕಟ್ಟದೆ ಯಾವ ವಸ್ತುವನ್ನೂ ಆರಿಸಬೇಡಿ.

ಉದಾಹರಣೆಗೆ ಕ್ರೋಶಾದಲ್ಲಿ ಒಂದು ಗೊಂಬೆ ಹೆಣೆದಿರಿ ಎಂದುಕೊಳ್ಳಿ. ಮಾರಾಟದ ಬೆಲೆ 500 ರೂಪಾಯಿ. ನೂಲು ಮತ್ತು ಒಳಗೆ ತುಂಬುವ ಹತ್ತಿಗೆ 130, ಡಬ್ಬ ಮತ್ತು ಟೇಪಿಗೆ 25, ಕೊರಿಯರ್‌ಗೆ 80, ಮಾರಾಟದ ತಾಣ ಹಿಡಿದುಕೊಳ್ಳುವ ಕಮಿಷನ್ 75. ಒಟ್ಟು 310 ಹೋಯಿತು. ಉಳಿದದ್ದು 190. ಹೆಣೆಯಲು ಆರು ಗಂಟೆ; ಫೋಟೋ ತೆಗೆದು, ಮೆಸೇಜಿಗೆ ಉತ್ತರ ಕೊಟ್ಟು, ಪ್ಯಾಕ್ ಮಾಡಲು ಇನ್ನೊಂದು ಗಂಟೆ. ಅಂದರೆ ಗಂಟೆಗೆ 27 ರೂಪಾಯಿ!

ಈಗ ಗೌರಿ-ಗಣೇಶ ಹಬ್ಬದ ಗೆಜ್ಜೆವಸ್ತ್ರದ ಸೆಟ್ ನೋಡಿ. ಬೆಲೆ 250 ಎಂದಿಟ್ಟುಕೊಳ್ಳಿ. ಹತ್ತಿ, ಕುಂಕುಮ, ಜರಿ ಕಾಗದಕ್ಕೆ 50, ಪ್ಯಾಕಿಂಗ್‌ಗೆ 20, ಅಂಚೆಗೆ 60. ವಾಟ್ಸ್‌ಆ್ಯಪ್‌ನಲ್ಲಿ ನೇರವಾಗಿ ಮಾರಿದರೆ ಕಮಿಷನ್ ಇಲ್ಲ. ಉಳಿಯುವುದು 120. ಎಲ್ಲ ಸೇರಿ ಒಂದೂವರೆ ಗಂಟೆ ಹಿಡಿದರೆ ಗಂಟೆಗೆ 80 ರೂಪಾಯಿ. ಬೆಲೆ ಅರ್ಧ, ಆದರೆ ನಿಮ್ಮ ಗಂಟೆಗೆ ಸಿಕ್ಕಿದ್ದು ಮೂರು ಪಟ್ಟು.

ಇವು ಲೆಕ್ಕ ತೋರಿಸಲು ಹಾಕಿದ ಅಂಕಿಗಳು. ನಿಮ್ಮ ಊರಿನ ದರ, ನಿಮ್ಮ ಕೈಯ ವೇಗ ಹಾಕಿ ನೀವೇ ಲೆಕ್ಕ ಮಾಡಿ. ಗಡಿಯಾರ ನೋಡಿಕೊಂಡೇ ಮಾಡಿ, ಅಂದಾಜಿನಲ್ಲಿ ಬೇಡ.

ಹಾಗಂತ ಹೆಚ್ಚು ಹೊತ್ತು ಹಿಡಿಯುವ ಕಲೆಯನ್ನು ಕೈಬಿಡಬೇಕೇ? ಬೇಡ. ಅದನ್ನು ಚಿಕ್ಕದಾಗಿಸಿ. ಧಾರವಾಡದ ಕಸೂತಿಯನ್ನೇ ನೋಡಿ. ಗಂಟು ಹಾಕದೆ ಎಳೆ ಎಣಿಸಿ ಹಾಕುವ ಗವಂತಿ, ಮುರ್ಗಿ ಹೊಲಿಗೆಯಲ್ಲಿ ಇಡೀ ಸೀರೆ ತುಂಬಿಸಲು ತಿಂಗಳುಗಟ್ಟಲೆ ಬೇಕು. ಅಷ್ಟು ಬೆಲೆ ಕೊಡುವವರು ಸಿಗುವುದು ಕಷ್ಟ. ಅದೇ ಒಂದು ಗೋಪುರ, ಒಂದು ತುಳಸಿಕಟ್ಟೆಯನ್ನು ಪುಟ್ಟ ಪರ್ಸಿನ ಮೇಲೆ ಹಾಕಿದರೆ ಎರಡು ಮಧ್ಯಾಹ್ನದ ಕೆಲಸ. ಕೊಳ್ಳುವವರ ಕೈಗೂ ಎಟಕುತ್ತದೆ. ಒಂದು ಮಾತು: ಮೆಷಿನ್‌ನಲ್ಲಿ ಮಾಡಿದ್ದಕ್ಕೆ ಕಸೂತಿ ಅಂತ ಹೆಸರು ಹಾಕಬೇಡಿ. ಕಸೂತಿಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಇದೆ. ಆ ಹೆಸರಿನ ಹಿಂದೆ ಸಾವಿರಾರು ಹೆಂಗಸರ ಕಣ್ಣಿನ ಶ್ರಮವಿದೆ.

2. ಇದು ಪೆಟ್ಟಿಗೆಯಲ್ಲಿ ಪ್ರಯಾಣ ಮಾಡುತ್ತದೆಯೇ?

ಪಕ್ಕದ ಮನೆಗೆ ಕೊಡುವುದು ಬೇರೆ, ಬೀದರ್‌ಗೆ ಕಳಿಸುವುದು ಬೇರೆ. ದಾರಿಯಲ್ಲಿ ಪಾರ್ಸೆಲ್ಲನ್ನು ಎಸೆಯುತ್ತಾರೆ, ಒಂದರ ಮೇಲೊಂದು ಪೇರಿಸುತ್ತಾರೆ, ಬಿಸಿಲಿನಲ್ಲಿ ಲಾರಿ ನಿಲ್ಲುತ್ತದೆ. ಬೇಸಿಗೆಯಲ್ಲಿ ರಾಯಚೂರು, ಕಲಬುರಗಿಗೆ ಹೊರಟ ಸುವಾಸನೆಯ ಮೇಣದ ಬತ್ತಿ ತಲುಪುವಾಗ ಆಕಾರ ಬಿಟ್ಟಿರುತ್ತದೆ. ಗಾಜಿನ ಬಾಟಲಿಯ ಉಪ್ಪಿನಕಾಯಿಯಿಂದ ಎಣ್ಣೆ ಸೋರಿದರೆ ನಿಮ್ಮ ಪೆಟ್ಟಿಗೆಯ ಜೊತೆ ಪಕ್ಕದವರ ಸೀರೆಯೂ ಹಾಳು.

ತೂಕ ಕಡಿಮೆ ಇದ್ದರೆ ಸಾಕು ಅಂತಲೂ ತಿಳಿಯಬೇಡಿ. ಕೊರಿಯರ್‌ನವರು ಪೆಟ್ಟಿಗೆ ಹಿಡಿಯುವ ಜಾಗಕ್ಕೂ ಹಣ ಕೇಳುತ್ತಾರೆ. ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ ಸಾಮಾನ್ಯವಾಗಿ 5000ದಿಂದ ಭಾಗಿಸುತ್ತಾರೆ. ಬಂದ ಅಂಕಿ ಮತ್ತು ನಿಜವಾದ ತೂಕ, ಎರಡರಲ್ಲಿ ಹೆಚ್ಚಿನದಕ್ಕೆ ದರ. ಹತ್ತಿ ತುಂಬಿದ ಕುಶನ್ ಒಂದರ ತೂಕ ಅರ್ಧ ಕಿಲೋ ಇರಬಹುದು. ಅದರ ಪೆಟ್ಟಿಗೆ 40 ಸೆಂ.ಮೀ. ಉದ್ದ, 40 ಅಗಲ, 15 ಎತ್ತರ ಇದ್ದರೆ 4.8 ಕಿಲೋ ಎಂದೇ ಲೆಕ್ಕ! ಅದೇ ಕುಶನ್ನಿನ ಕವರ್ ಮಾತ್ರ ಮಡಿಸಿ ಕಳಿಸಿ. ಒಂದು ಲಕೋಟೆಯಲ್ಲಿ ಹೋಗುತ್ತದೆ. ಮಡಚಿದರೆ ಹಾಳಾಗದ, ಬಿದ್ದರೆ ಒಡೆಯದ, ಬಿಸಿಲಿಗೆ ಕರಗದ ವಸ್ತುವೇ ಆನ್‌ಲೈನ್‌ಗೆ ಮೊದಲ ದರ್ಜೆಯದು.

ಇದೇ ಕಾರಣಕ್ಕೆ ಸೀರೆ ಕುಚ್ಚಿನ ಕೆಲಸ ಬಡಾವಣೆಯ ಮಟ್ಟಕ್ಕೆ ಬಹಳ ಒಳ್ಳೆಯದು, ದೂರದ ಊರಿಗೆ ಅಷ್ಟಾಗಿ ಹೊಂದುವುದಿಲ್ಲ. ಗಿರಾಕಿ ಸಾವಿರಾರು ರೂಪಾಯಿಯ ರೇಷ್ಮೆ ಸೀರೆಯನ್ನು ನಿಮಗೆ ಕಳಿಸಬೇಕು, ನೀವು ವಾಪಸ್ ಕಳಿಸಬೇಕು. ಕೊರಿಯರ್ ಖರ್ಚು ಎರಡು ಸಲ, ಎದೆಯ ಢವಢವವೂ ಎರಡು ಸಲ.

3. ಕಾನೂನು ಏನು ಹೇಳುತ್ತದೆ?

‘ಮನೇಲಿ ಮಾಡೋದಕ್ಕೂ ಕಾನೂನೇ?’ ಅಂತ ಹುಬ್ಬೇರಿಸಬೇಡಿ. ಈ ಮೂರು ವಿಷಯ ಗೊತ್ತಿರಲೇಬೇಕು.

* ತಿಂಡಿ-ಪುಡಿ: ಚಟ್ನಿಪುಡಿ, ಹುಳಿಪುಡಿ, ಚಕ್ಕುಲಿ, ಸಂಡಿಗೆ ಏನೇ ಇರಲಿ, ಮಾರಾಟಕ್ಕೆ ಎಂದರೆ ಎಫ್‌ಎಸ್‌ಎಸ್‌ಎಐ ನೋಂದಣಿ ಬೇಕು. ಮನೆಯ ಅಡುಗೆಮನೆಯಿಂದ ಮಾಡುವವರೂ ಆನ್‌ಲೈನ್‌ನಲ್ಲೇ ಅರ್ಜಿ ಹಾಕಬಹುದು. ಸಿಗುವ 14 ಅಂಕಿಗಳ ಸಂಖ್ಯೆಯನ್ನು ಪೊಟ್ಟಣದ ಮೇಲೆ ಹಾಕಬೇಕು. ಅದರ ಜೊತೆಗೆ ಏನೇನು ಹಾಕಿದ್ದೀರಿ, ಎಷ್ಟು ತೂಕ, ಎಂದು ತಯಾರಿಸಿದ್ದು, ಎಲ್ಲಿಯವರೆಗೆ ಬಳಸಬಹುದು, ಬೆಲೆ, ನಿಮ್ಮ ವಿಳಾಸ, ಸಸ್ಯಾಹಾರದ ಹಸಿರು ಗುರುತು ಇರಲಿ.

* ಸೋಪು, ಕ್ರೀಮು, ಹೇರ್ ಆಯಿಲ್: ಇಲ್ಲೇ ಬಹಳ ಜನ ಎಡವುವುದು. ಎರಡು ದಿನದ ವರ್ಕ್‌ಶಾಪಿಗೆ ಹೋಗಿ ಬಂದು ಸೋಪು ಮಾರಲು ಶುರು ಮಾಡುತ್ತಾರೆ. ಸ್ನಾನದ ಸೋಪು ಕಾನೂನಿನ ಪ್ರಕಾರ ಸೌಂದರ್ಯವರ್ಧಕ. 1940ರ ಔಷಧ ಮತ್ತು ಸೌಂದರ್ಯವರ್ಧಕ ಕಾಯ್ದೆ, 2020ರ ಸೌಂದರ್ಯವರ್ಧಕ ನಿಯಮಗಳ ಪ್ರಕಾರ ಇವನ್ನು ಮಾರಾಟಕ್ಕೆ ತಯಾರಿಸಲು ಲೈಸೆನ್ಸ್ ಬೇಕು. ಅದಕ್ಕೆ ತಕ್ಕ ಜಾಗ, ತಾಂತ್ರಿಕ ಅರ್ಹತೆಯುಳ್ಳ ಸಿಬ್ಬಂದಿ ಇರಬೇಕು. ಮನೆಮಂದಿಗೆ ಮಾಡಿಕೊಳ್ಳಿ, ಸಂತೋಷ. ಮೊದಲ ವ್ಯಾಪಾರಕ್ಕೆ ಮಾತ್ರ ಇದು ಬೇಡ.

* ಮಕ್ಕಳ ಆಟಿಕೆ: 2021ರ ಜನವರಿ 1ರಿಂದ 14 ವರ್ಷದೊಳಗಿನ ಮಕ್ಕಳು ಆಡುವ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯ. ಹಸ್ತಶಿಲ್ಪ ಅಭಿವೃದ್ಧಿ ಆಯುಕ್ತರ ಬಳಿ ನೋಂದಾಯಿಸಿದ ಕುಶಲಕರ್ಮಿಗಳ ಆಟಿಕೆಗೆ, ಚನ್ನಪಟ್ಟಣದ ಗೊಂಬೆಯಂತೆ ಭೌಗೋಳಿಕ ಸೂಚಿಕೆ ಪಡೆದವಕ್ಕೆ ವಿನಾಯಿತಿ ಇದೆ. ಕ್ರೋಶಾ ಗೊಂಬೆ ಮಾಡುವವರು ಇದನ್ನು ಮರೆಯಬೇಡಿ. ಟಿ.ವಿ. ಕಾರ್ಟೂನಿನ ಪಾತ್ರಗಳನ್ನು ಹೆಣೆದು ಮಾರುವುದೂ ಬೇಡ. ಆ ಪಾತ್ರಗಳಿಗೆ ಹಕ್ಕುದಾರರಿದ್ದಾರೆ.

4. ಒಮ್ಮೆ ಕೊಂಡವರು ಮತ್ತೆ ಬರುತ್ತಾರೆಯೇ?

ಗೋಡೆಗೆ ತೂಗುಹಾಕುವ ಅಲಂಕಾರದ ವಸ್ತುವನ್ನು ಒಬ್ಬರು ಒಂದು ಸಲ ಕೊಳ್ಳುತ್ತಾರೆ. ಆಮೇಲೆ ನೀವು ಹೊಸ ಗಿರಾಕಿ ಹುಡುಕಬೇಕು. ಚಟ್ನಿಪುಡಿ ಹಾಗಲ್ಲ. ರುಚಿ ಹಿಡಿಸಿದರೆ ಮುಂದಿನ ತಿಂಗಳು ಅವರೇ ಫೋನ್ ಮಾಡುತ್ತಾರೆ. ಗೆಜ್ಜೆವಸ್ತ್ರವೂ ಹಾಗೆಯೇ. ಶ್ರಾವಣದ ಮಂಗಳಗೌರಿಯಿಂದ ಶುರುವಾಗಿ ವರಮಹಾಲಕ್ಷ್ಮಿ, ಗೌರಿ-ಗಣೇಶ, ನವರಾತ್ರಿ, ದೀಪಾವಳಿವರೆಗೆ ಬೇಡಿಕೆ ಇರುತ್ತದೆ. ಗೌರಿಗೆ ಹದಿನಾರು ಎಳೆಯದು ಬೇಕು ಎನ್ನುವವರಿಗೆ ಪುಣೆಯಲ್ಲೋ ಹೈದರಾಬಾದಿನಲ್ಲೋ ಅದು ಸುಲಭಕ್ಕೆ ಸಿಗುವುದಿಲ್ಲ. ಅಂಥವರಿಗೆ ನಿಮ್ಮ ಫೋನ್ ನಂಬರೇ ವರ.

ಅಂಗಡಿಯಲ್ಲಿ ಹತ್ತು ರೂಪಾಯಿಗೆ ಸಿಗುವ ಮಾಮೂಲಿ ಎಳೆಯ ಜೊತೆ ಪೈಪೋಟಿಗೆ ಇಳಿಯಬೇಡಿ. ದೇವರ ವಿಗ್ರಹದ ಅಳತೆಗೆ ತಕ್ಕಂತೆ, ಸೀರೆಯ ಬಣ್ಣಕ್ಕೆ ಹೊಂದುವಂತೆ, ಹಬ್ಬಕ್ಕೆ ಬೇಕಾದ ಅಷ್ಟೂ ಒಂದೇ ಡಬ್ಬದಲ್ಲಿ ಕೊಟ್ಟರೆ ಅದು ನಿಮ್ಮದೇ ವಸ್ತುವಾಗುತ್ತದೆ. ಯಂತ್ರ ಮಾಡಲಾಗದ್ದನ್ನು, ಅಂಗಡಿಯವನು ಕೇಳದ ಪ್ರಶ್ನೆಯನ್ನು ಕೇಳಿ ಮಾಡಿಕೊಡುವುದೇ ಕೈಕೆಲಸದ ಬಲ.

ಹಬ್ಬದ ವಸ್ತುಗಳಲ್ಲಿ ಒಂದು ತೊಂದರೆಯೂ ಇದೆ. ಸಂಕ್ರಾಂತಿ, ಯುಗಾದಿ ಕಳೆದ ಮೇಲೆ ಕೈ ಖಾಲಿ. ಆಗ ಮದುವೆ, ಉಪನಯನ, ಸೀಮಂತಕ್ಕೆ ಬೇಕಾಗುವ ತಾಂಬೂಲದ ಬಟ್ಟೆಚೀಲ ಹೊಲಿಯಬಹುದು. ಹೊಸ ಕಲೆ ಕಲಿಯಬೇಕಿಲ್ಲ, ಹೊಲಿಗೆ ಯಂತ್ರವಿದ್ದರೆ ಸಾಕು. ಒಂದು ಆರ್ಡರಿಗೆ ನೂರು ಚೀಲ ಹೋದರೂ ಆಶ್ಚರ್ಯವಿಲ್ಲ.

5. ನನ್ನ ಮನೆಗೆ ಇದು ಹೊಂದುತ್ತದೆಯೇ?

ಎರಡು ಬೆಡ್‌ರೂಮಿನ ಫ್ಲ್ಯಾಟಿನಲ್ಲಿ ಅತ್ತೆ-ಮಾವ, ಇಬ್ಬರು ಮಕ್ಕಳು ಇರುವಾಗ ರೆಸಿನ್ ಸುರಿದು ಒಂದು ದಿನ ಒಣಗಲು ಬಿಡುವ ಜಾಗ ಎಲ್ಲಿದೆ? ಅದರ ವಾಸನೆ ಮಕ್ಕಳಿಗೆ ಒಳ್ಳೆಯದೂ ಅಲ್ಲ. ಕುಕ್ಕರ್ ಕೂಗಿದರೆ, ಬಾಗಿಲ ಬೆಲ್ ಆದರೆ ನಡುವೆ ಎದ್ದು ಹೋಗಿ ಮತ್ತೆ ಬಂದು ಮುಂದುವರಿಸಬಹುದಾದ ಕೆಲಸ ಗೃಹಿಣಿಗೆ ಹೇಳಿ ಮಾಡಿಸಿದ್ದು. ಹೊಲಿಗೆ, ಹೆಣಿಗೆ, ಹತ್ತಿಯ ಕೆಲಸ ಅಂಥವು. ಕರಗಿದ ಮೇಣ, ಕುದಿಯುವ ಪಾಕ ನಿಮಗಾಗಿ ಕಾಯುವುದಿಲ್ಲ.

ಹವಾಮಾನವನ್ನೂ ಮರೆಯಬೇಡಿ. ಲಿಜ್ಜತ್ ಹಪ್ಪಳದ ಕಥೆ ನಿಮಗೆ ಗೊತ್ತಿರಬಹುದು. 1959ರ ಮಾರ್ಚ್‌ನಲ್ಲಿ ಮುಂಬಯಿಯ ಗಿರಗಾಂವ್‌ನಲ್ಲಿ ಏಳು ಹೆಂಗಸರು 80 ರೂಪಾಯಿ ಸಾಲ ತಂದು ತಾರಸಿಯ ಮೇಲೆ ಹಪ್ಪಳ ಲಟ್ಟಿಸಿದರು. ಮೊದಲ ದಿನ ಆದದ್ದು ನಾಲ್ಕೇ ಪೊಟ್ಟಣ. ಮೊದಲ ವರ್ಷ ಮಳೆಗಾಲದಲ್ಲಿ ಹಪ್ಪಳ ಒಣಗದೆ ನಾಲ್ಕು ತಿಂಗಳು ಕೆಲಸವನ್ನೇ ನಿಲ್ಲಿಸಬೇಕಾಯಿತು. ಮರುವರ್ಷ ಅವರು ಒಂದು ಮಂಚ, ಒಂದು ಸ್ಟೌ ಕೊಂಡರು. ಮಂಚದ ಮೇಲೆ ಹಪ್ಪಳ ಹರಡಿ, ಕೆಳಗೆ ಸ್ಟೌ ಹಚ್ಚಿ ಒಣಗಿಸಿದರು. ಎರಡು ದರ್ಜೆಯ ಹಪ್ಪಳ ಮಾಡುವುದನ್ನು ಬಿಟ್ಟು, ಒಂದೇ ಒಳ್ಳೆಯ ಗುಣಮಟ್ಟಕ್ಕೆ ಅಂಟಿಕೊಂಡರು. ಆ ಏಳು ಜನರಲ್ಲಿ ಒಬ್ಬರಾದ ಜಸ್ವಂತಿಬೆನ್ ಪೋಪಟ್ ಅವರಿಗೆ 2021ರಲ್ಲಿ ಪದ್ಮಶ್ರೀ ಬಂತು. ಹತ್ತು ಬಗೆ ಮಾಡಲಿಲ್ಲ ಅವರು, ಒಂದನ್ನೇ ಸರಿಯಾಗಿ ಮಾಡಿದರು. ನಮಗೆ ಇದಕ್ಕಿಂತ ಪಾಠ ಬೇಕೇ?

ಹಾಗಾದರೆ ಯಾವುದು ಒಳ್ಳೆಯದು?

ಐದೂ ಪ್ರಶ್ನೆಗೆ ಉತ್ತರ ಬರೆದರೆ ಚಿತ್ರ ಸ್ಪಷ್ಟವಾಗುತ್ತದೆ. ಗೆಜ್ಜೆವಸ್ತ್ರ, ಬಟ್ಟೆಯ ತೋರಣ, ತಾಂಬೂಲದ ಚೀಲ, ಕುಶನ್ ಕವರ್, ಕಸೂತಿಯ ಪುಟ್ಟ ಪರ್ಸು ಇವೆಲ್ಲ ಹಗುರ, ಒಡೆಯುವುದಿಲ್ಲ, ಕೆಡುವುದಿಲ್ಲ, ವಿಶೇಷ ಲೈಸೆನ್ಸ್ ಬೇಕಿಲ್ಲ. ಅಡುಗೆಯಲ್ಲಿ ಕೈ ಪಳಗಿದವರಿಗೆ ನೋಂದಣಿ ಮಾಡಿಸಿಕೊಂಡು ಒಣ ಪುಡಿಗಳು ಸರಿ. ಉತ್ತರ ಕರ್ನಾಟಕದ ಕೌದಿ ಹೊಲಿಯಲು ಬಂದರೆ ದೊಡ್ಡದರ ಬದಲು ಮಗುವಿನ ಅಳತೆಯದು ಮಾಡಿ. ಮೇಣದ ಬತ್ತಿ, ಗಾಜಿನ ಚಿತ್ರ, ದೊಡ್ಡ ಟೆರಾಕೋಟಾ ವಸ್ತುಗಳನ್ನು ಹತ್ತಿರದ ಸಂತೆ, ಅಪಾರ್ಟ್‌ಮೆಂಟಿನ ಮೇಳಗಳಲ್ಲಿ ಮಾರಿ. ಸೋಪು-ಕ್ರೀಮು ಸದ್ಯಕ್ಕೆ ಬೇಡ.

ಹಣದ ವಿಷಯದಲ್ಲಿ ಹುಷಾರು

* ವ್ಯಾಪಾರಕ್ಕೇ ಒಂದು ಬ್ಯಾಂಕ್ ಖಾತೆ, ಒಂದು ಯುಪಿಐ ಇಟ್ಟುಕೊಳ್ಳಿ. 2025ರ ಜುಲೈನಲ್ಲಿ ಯುಪಿಐ ಲೆಕ್ಕ ನೋಡಿ ನಮ್ಮ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸ್ ಬಂದದ್ದು ನೆನಪಿದೆಯಲ್ಲ? ಚೀಟಿಯ ದುಡ್ಡು, ತವರಿನ ದುಡ್ಡು, ವ್ಯಾಪಾರದ ದುಡ್ಡು ಒಂದರಲ್ಲೇ ಬೆರೆತರೆ ಆಮೇಲೆ ಬಿಡಿಸುವುದು ಕಷ್ಟ.

* ಕರ್ನಾಟಕದಲ್ಲಿ ಸರಕು ಮಾರುವವರ ವಹಿವಾಟು ವರ್ಷಕ್ಕೆ 40 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ. ದೊಡ್ಡ ಮಾರಾಟ ತಾಣಗಳಲ್ಲಿ ಮೊದಲು ಚಿಕ್ಕವರಿಗೂ ನೋಂದಣಿ ಬೇಕಿತ್ತು. 2023ರ ಅಕ್ಟೋಬರ್ 1ರಿಂದ, ಮಿತಿಯೊಳಗಿರುವವರು ರಾಜ್ಯದೊಳಗೆ ಮಾತ್ರ ಮಾರುವುದಾದರೆ ಒಂದು ದಾಖಲಾತಿ ಸಂಖ್ಯೆ ಪಡೆದು ಮಾರಬಹುದು. ಹೊರರಾಜ್ಯಕ್ಕೆ ಕಳಿಸುವಾಗ ನಿಯಮ ಬೇರೆ. ಕೆಲವು ಕರಕುಶಲ ವಸ್ತುಗಳಿಗೆ ರಿಯಾಯಿತಿಯೂ ಇದೆ. ಶುರು ಮಾಡುವ ಮೊದಲೇ ಅಕೌಂಟೆಂಟ್ ಒಬ್ಬರನ್ನು ಕೇಳಿಬಿಡಿ.

* ಕೇಂದ್ರ ಸರ್ಕಾರದ ಉದ್ಯಮ್ ನೋಂದಣಿ ಪೂರ್ತಿ ಉಚಿತ. ಅದಕ್ಕೆ ಸಾವಿರ ರೂಪಾಯಿ ಕೇಳುವವರನ್ನು ನಂಬಬೇಡಿ.

* ‘ನಮ್ಮ ಮೆಷಿನ್ ಕೊಳ್ಳಿ, ನೀವು ಮಾಡಿದ್ದನ್ನೆಲ್ಲ ನಾವೇ ಕೊಳ್ಳುತ್ತೇವೆ’ ಎನ್ನುವ ಜಾಹೀರಾತು ಕಂಡರೆ ದೂರವಿರಿ. ಬತ್ತಿ, ಅಗರಬತ್ತಿ, ಪೇಪರ್ ಪ್ಲೇಟಿನ ಹೆಸರಿನಲ್ಲಿ ಒಡವೆ ಅಡವಿಟ್ಟು ಮೋಸಹೋದ ಹೆಂಗಸರಿದ್ದಾರೆ.

* ಹಣ ಪಡೆಯಲು ಯುಪಿಐ ಪಿನ್ ಹಾಕಬೇಕಿಲ್ಲ. ‘ಪಿನ್ ಹಾಕಿ ಮೇಡಂ, ನಿಮಗೆ ದುಡ್ಡು ಬರುತ್ತೆ’ ಎಂದವನು ಗಿರಾಕಿಯಲ್ಲ, ಕಳ್ಳ.

* ಅಳತೆ, ಬಣ್ಣ ಹೇಳಿ ಮಾಡಿಸುವ ಆರ್ಡರಿಗೆ ಅರ್ಧ ಮುಂಗಡ ತೆಗೆದುಕೊಳ್ಳಿ. ಸಂಕೋಚ ಬೇಡ.

* ವಿದೇಶದ ಮಾರಾಟವನ್ನು ಎರಡನೇ ಹೆಜ್ಜೆಗೆ ಇಡಿ. 2025ರ ಆಗಸ್ಟ್‌ನಲ್ಲಿ ಅಮೆರಿಕ 800 ಡಾಲರ್‌ವರೆಗಿನ ಪಾರ್ಸೆಲ್‌ಗಳಿಗಿದ್ದ ಸುಂಕ ವಿನಾಯಿತಿ ತೆಗೆದಾಗ ನಮ್ಮ ಅಂಚೆ ಇಲಾಖೆ ಅಲ್ಲಿಗೆ ಪಾರ್ಸೆಲ್ ಕಳಿಸುವುದನ್ನೇ ಅಕ್ಟೋಬರ್‌ವರೆಗೆ ನಿಲ್ಲಿಸಿತ್ತು. ಸೊಸೆಗೋ ಮಗಳಿಗೋ ಕಳಿಸುವುದೇ ಕಷ್ಟವಾಗಿತ್ತು, ಇನ್ನು ವ್ಯಾಪಾರ ಎಲ್ಲಿಂದ?

ಮೊದಲು ಹತ್ತು ಮಾಡಿ

ಆರಿಸಿಕೊಂಡ ವಸ್ತುವನ್ನು ನೂರು ಮಾಡಿಡಬೇಡಿ, ಹತ್ತು ಮಾಡಿ. ಮೊದಲನೆಯದಕ್ಕೂ ಹತ್ತನೆಯದಕ್ಕೂ ಒಂದೇ ಅಳತೆ, ಒಂದೇ ಅಚ್ಚುಕಟ್ಟು ಬರುತ್ತದೆಯೇ ನೋಡಿ. ಆನ್‌ಲೈನ್‌ನಲ್ಲಿ ಕೊಳ್ಳುವವರು ಫೋಟೋ ನೋಡಿ ದುಡ್ಡು ಕೊಡುತ್ತಾರೆ. ಫೋಟೋದಲ್ಲಿದ್ದದ್ದೇ ಡಬ್ಬದಲ್ಲಿ ಇರಬೇಕು. ಕಿಟಕಿಯ ಪಕ್ಕ ಬೆಳಗಿನ ಬೆಳಕಿನಲ್ಲಿ ಫೋಟೋ ತೆಗೆಯಿರಿ. ಅಳತೆ ಗೊತ್ತಾಗಲು ಪಕ್ಕದಲ್ಲಿ ಕೈ ಇಡಿ. ಒಂದು ಡಬ್ಬವನ್ನು ಪ್ಯಾಕ್ ಮಾಡಿ ಬೇರೆ ಊರಿನ ತಂಗಿಗೋ ಗೆಳತಿಗೋ ಕಳಿಸಿ, ಹೇಗೆ ತಲುಪಿತು ಅಂತ ವಿಡಿಯೋ ಕೇಳಿ.

ಹತ್ತರಲ್ಲಿ ನೆಂಟರಲ್ಲದವರು ಎಷ್ಟು ಕೊಂಡರು ಎಂಬುದೇ ನಿಜವಾದ ಮಾರ್ಕ್ಸ್. ಅಕ್ಕ ಕೊಂಡದ್ದು ಪ್ರೀತಿಗೆ, ಅಪರಿಚಿತರು ಕೊಂಡದ್ದು ವಸ್ತುವಿಗೆ. ನಾಲ್ಕಾದರೂ ಹಾಗೆ ಹೋದರೆ ಮುಂದಿನ ಇಪ್ಪತ್ತಕ್ಕೆ ಸಾಮಾನು ತನ್ನಿ. ಒಂದೂ ಹೋಗದಿದ್ದರೆ ನಷ್ಟ ಹತ್ತರ ಸಾಮಾನಿನದು ಮಾತ್ರ. ನೋಟ್‌ಬುಕ್ಕಿನಲ್ಲಿ ಎರಡನೇ ಹೆಸರು ಇದ್ದೇ ಇದೆ.

ತಿಂಗಳ ಕೊನೆಗೆ ಕೂತು ಲೆಕ್ಕ ಬರೆಯುವಾಗ ಸಾಮಾನಿನ ಖರ್ಚು ಒಂದು ಕಡೆ, ನಿಮ್ಮ ಗಂಟೆಗಳ ಕೂಲಿ ಇನ್ನೊಂದು ಕಡೆ ಹಾಕಿ. ಆ ಕೂಲಿಯನ್ನು ಮನೆಖರ್ಚಿನ ಡಬ್ಬಿಗೆ ಹಾಕದೆ ನಿಮ್ಮ ಹೆಸರಿನ ಖಾತೆಗೇ ಹಾಕಿ. ಅದು ಐನೂರೇ ಇರಲಿ, ಐದು ಸಾವಿರವೇ ಇರಲಿ. ಆಗ ‘ಏನೋ ಟೈಂಪಾಸ್‌ಗೆ ಮಾಡ್ತಾಳೆ’ ಅಂತ ಮನೆಯಲ್ಲಿ ಯಾರೂ ಹೇಳುವುದಿಲ್ಲ. ಮುಖ್ಯವಾಗಿ, ನೀವೇ ಹಾಗೆ ಹೇಳಿಕೊಳ್ಳುವುದಿಲ್ಲ.